ರೊಟ್ಟಿಹಿಟ್ಟು ಮೆತ್ತಿದ ಶಬ್ದಕೋಶ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ನೀವು ಬೇರೆಯವರ ಮೇಲೆ ಅನುಮಾನ ಪಡುವ ಶ್ರಮ ತಪ್ಪುತ್ತದೆ. ಕುರುಗೋಡಿನ ನಮ್ಮ ಸೋದರಮಾವ ಹನ್ನೆರಡು ದಿನ ತುಟಿ ಬಿಚ್ಚದೆ ಕೂತದ್ದು, ಅವರ ಹೊಸ ಮನೆಯ ಅಡುಗೆಕಟ್ಟೆ ಹೋಗಬಾರದ ಗೋಡೆಗೆ ಹೋಗಿ ಕೂತದ್ದು, ನಮ್ಮ ಅತ್ತಿಗೆಯ ಪರೀಕ್ಷೆ ಇನ್ನೇನು ಕೈತಪ್ಪಿತು ಅನ್ನುವ ಹಾಗಾದದ್ದು, ಎಲ್ಲಕ್ಕೂ ಮೂಲ ನಾನು ಹೇಳಿದ ಒಂದು ಸುಳ್ಳು. ಅದೂ ಎಂಥ ಸುಳ್ಳು? ಒಂದು ಇಂಗ್ಲಿಷ್ ಪದದ ಅರ್ಥದ ಬಗ್ಗೆ. ಹೇಳಿಕೊಳ್ಳುವಂಥ ಸುಳ್ಳು ಹೇಳುವ ಯೋಗ್ಯತೆಯೂ ನನಗಿಲ್ಲ.

ಇದೆಲ್ಲ ನೆನಪಾದದ್ದು ಒಂದು ನೋಟ್‌ಬುಕ್ಕಿನಿಂದ. ಮೊನ್ನೆ ರೇಷನ್ ಕಾರ್ಡು ಹುಡುಕಲು ಅವ್ವನ ಟ್ರಂಕಿಗೆ ಕೈ ಹಾಕಿದರೆ, ಸೀರೆಗಳ ಅಡಿಯಿಂದ ಅದು ಬಂತು. ಹಿಂದಿನ ರಟ್ಟಿನ ಮೇಲೆ ಮಗ್ಗಿ ಅಚ್ಚಾಗಿರುವ, ಮಕ್ಕಳು ಸಾಲೆಗೆ ಒಯ್ಯುವ ಉದ್ದನೆಯ ನೋಟ್‌ಬುಕ್ಕು. ತೆರೆದರೆ ಪುಟಗಳ ನಡುವಿನಿಂದ ಜೋಳದ ಹಿಟ್ಟು ಉದುರಿತು. ಎಡಕ್ಕೆ ಒಂದು ಇಂಗ್ಲಿಷ್ ಪದ, ಬಲಕ್ಕೆ ಕನ್ನಡದಲ್ಲಿ ಒಬ್ಬ ಮನುಷ್ಯನ ಹೆಸರು. ಅರ್ಥ ಅನ್ನುವುದು ಎಲ್ಲೂ ಇಲ್ಲ. ಗೊತ್ತಿಲ್ಲದವರು ನೋಡಿದರೆ ಯಾವುದೋ ಗುಪ್ತ ಸಂಘದ ಸದಸ್ಯರ ಪಟ್ಟಿ ಅಂದುಕೊಂಡಾರು. ಅದು ನಾನು ಕಂಡುಹಿಡಿದ ಶಬ್ದಕೋಶ. ಜಗತ್ತಿನಲ್ಲಿ ಅದರ ಪ್ರತಿ ಇದೊಂದೇ, ಓದುಗರು ಇಬ್ಬರೇ.

ಅದು ಹುಟ್ಟಿದ್ದು ಹೇಗೆಂದು ಹೇಳಬೇಕಾದರೆ ನನ್ನ ರೋಗದ ಬಗ್ಗೆ ಹೇಳಬೇಕು. ನನಗೆ ಯಾರನ್ನು ಕಂಡರೂ ಅಣಕಿಸುವ ಚಟ. ನಾಲ್ಕನೇ ಇಯತ್ತೆಯಲ್ಲಿದ್ದಾಗ ನಮ್ಮ ಹೆಡ್‌ಮಾಸ್ತರರ ಕೆಮ್ಮು ಕಲಿತಿದ್ದೆ. ಎರಡು ಸಣ್ಣದು, ಒಂದು ದೊಡ್ಡದು, ಕೊನೆಗೆ ಗಂಟಲಲ್ಲಿ ಗಾಲಿ ಉರುಳಿದ ಸದ್ದು. ಒಂದು ದಿನ ಐದನೇ ಇಯತ್ತೆಯ ಬಾಗಿಲ ಹೊರಗೆ ನಿಂತು ಕೆಮ್ಮಿದೆ. ಒಳಗೆ ಮಕ್ಕಳೆಲ್ಲ ಎದ್ದು ನಿಂತರು, ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಮಾಸ್ತರರೂ ಎದ್ದು ನಿಂತರು. ಅದರ ಮರುದಿನ ನಿಜವಾದ ಹೆಡ್‌ಮಾಸ್ತರರು ಕೆಮ್ಮಿಕೊಂಡು ಬಂದಾಗ ಯಾರೂ ಏಳಲಿಲ್ಲ. ಆಮೇಲೆ ನನಗೆ ಏನಾಯಿತು ಎಂಬುದು ಇಲ್ಲಿಗೆ ಸಂಬಂಧಿಸಿದ್ದಲ್ಲ. ಸಂಬಂಧಿಸಿದ್ದೇನೆಂದರೆ, ಟಿ.ವಿ.ಯಲ್ಲಿ ಇಂಗ್ಲಿಷ್ ವಾರ್ತೆ ಓದುವವರನ್ನೂ ನಾನು ಹಾಗೇ ಅಣಕಿಸುತ್ತಿದ್ದೆ. ಬಾಯಿಗೆ ಬಂದದ್ದನ್ನು ಅವರ ಧಾಟಿಯಲ್ಲಿ ಉದುರಿಸಿದರೆ ಅವ್ವ ಕೆಲಸ ಬಿಟ್ಟು ಬಂದು ನಿಂತು ಕೇಳುತ್ತಿದ್ದಳು. ನನಗೆ ಗೊತ್ತಿದ್ದದ್ದು ಇಂಗ್ಲಿಷಿನ ರಾಗ, ಸಾಹಿತ್ಯವಲ್ಲ. ಆದರೆ ಮನೆಯಲ್ಲಿ ಇಂಗ್ಲಿಷಿನ ಪಂಡಿತ ಯಾರೆಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು.

ಆ ಪ್ರಶ್ನೆ ಎತ್ತಿದವಳು ಗಿರಿಜತ್ತಿಗೆ, ನಮ್ಮಣ್ಣನ ಹೆಂಡತಿ. ಸಿರುಗುಪ್ಪದವಳು. ಅವರಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ತೂಗುವ ಕೆಲಸ ಮಾಡಿದವರು. ಅದಕ್ಕೋ ಏನೋ, ಲೆಕ್ಕ ಅಂದರೆ ಅತ್ತಿಗೆಗೆ ನೀರು ಕುಡಿದಷ್ಟು ಸುಲಭ. ಗಾಂಧಿನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ರಿಪೋರ್ಟು ಟೈಪ್ ಮಾಡಿ ಬರುತ್ತಿದ್ದಳು. ಬ್ಯಾಂಕಿನ ಪರೀಕ್ಷೆ ಎರಡು ಸಲ ಬರೆದಿದ್ದಳು. ಎರಡೂ ಸಲ ಲೆಕ್ಕದಲ್ಲಿ ಮುಂದೆ, ಇಂಗ್ಲಿಷಿನಲ್ಲಿ ಕೂದಲೆಳೆಯಷ್ಟು ಹಿಂದೆ. ಇಂಗ್ಲಿಷಿನಲ್ಲಿ ಬೇರೆಯಾಗಿಯೇ ಪಾಸಾಗದಿದ್ದರೆ ಉಳಿದದ್ದು ಎಷ್ಟಿದ್ದರೂ ಕಸ. ಮೂರನೆಯ ಸಲಕ್ಕೆ ಅರ್ಜಿ ಹಾಕಿದಾಗ ವಯಸ್ಸಿನ ಮಿತಿಗೆ ಅವಳಿಗೆ ಉಳಿದಿದ್ದದ್ದು ಕೆಲವೇ ತಿಂಗಳು. ಇದು ಹೋದರೆ ಇನ್ನೊಂದಿಲ್ಲ.

ಅವಳು ಓದುತ್ತಿದ್ದದ್ದು ಸಂಜೆ ರೊಟ್ಟಿ ಬಡಿಯುತ್ತ. ನಾನು ಹೊಸ್ತಿಲ ಮೇಲೆ ಕೂತು ಅವಳ ಪರೀಕ್ಷೆಯ ಪುಸ್ತಕ ನೋಡಿ ಪದ ಕೂಗಬೇಕು, ಅವಳು ಅರ್ಥ ಹೇಳಬೇಕು. ಅರ್ಥ ಗೊತ್ತಿದ್ದರೆ ರೊಟ್ಟಿಯ ಪಟಪಟ ಸದ್ದು ನಿಲ್ಲದೆ ಸಾಗುತ್ತಿತ್ತು. ಗೊತ್ತಿಲ್ಲದಿದ್ದರೆ ನಿಲ್ಲುತ್ತಿತ್ತು. ಮೊದಲ ವಾರ ನಮ್ಮ ಮನೆಯಲ್ಲಿ ಊಟ ಬಹಳ ತಡವಾಯಿತು.

"ಮಂಜಾ, ನಿನ್ನಿ ಈ ಪದ ಬಾಯಿಪಾಠ ಮಾಡಿದ್ದೆ. ಇವತ್ತು ನೋಡಿದ್ರ ಬಸ್‌ಸ್ಟ್ಯಾಂಡಿನಾಗ ಗುರುತಿಲ್ಲದೋರ ಮುಖ ನೋಡಿದಂಗಾಗ್ತೈತಿ," ಅಂದಳು ಒಂದು ದಿನ.

"ಹಂಗಾದ್ರ ಗುರುತಿರೋ ಮುಖಾನ ಕರೀತೀನಿ ತಡಿ ಅತ್ತಿಗಿ," ಅಂದೆ.

ಆ ಪದ ಪ್ರೊಕ್ರಾಸ್ಟಿನೇಟ್. ಇವತ್ತಿನ ಕೆಲಸ ನಾಳೆಗೆ ತಳ್ಳುವುದು. ನಾನು ಎದ್ದು, ಕಿವಿಗೊಂದು ಪೆನ್ಸಿಲ್ ಸಿಕ್ಕಿಸಿಕೊಂಡು, ಹೊಟ್ಟೆ ಮುಂದಕ್ಕೆ ಬಿಟ್ಟು, ಕೌಲ್ ಬಜಾರಿನಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿರುವ ನಮ್ಮಣ್ಣನಾದೆ. "ನಾಳಿ ಸಂಜಿಗೆ ಬರ್ರಿ ಸಾರ್. ವೈಂಡಿಂಗ್ ಮುಗದೈತಿ, ವಾರ್ನಿಷ್ ಒಣಗ್ಬೇಕು ಅಷ್ಟ." ಬಳ್ಳಾರಿಯ ಬಿಸಿಲಲ್ಲಿ ಮೂರು ತಿಂಗಳಿಂದ ಒಣಗದ ವಾರ್ನಿಷ್! ಅತ್ತಿಗೆ ನಕ್ಕ ರಭಸಕ್ಕೆ ರೊಟ್ಟಿ ಹರಿಯಿತು. ಮರುದಿನ ಅದೇ ಪದ ಕೂಗಿದಾಗ ಸದ್ದು ನಿಲ್ಲಲಿಲ್ಲ. "ನಿಮ್ಮಣ್ಣ," ಅಂದಳು, ರೊಟ್ಟಿ ತಿರುವಿ ಹಾಕುತ್ತ.

ಅಲ್ಲಿಂದ ಶುರುವಾಯಿತು. ಸ್ಕೆಪ್ಟಿಕಲ್ ಅಂದರೆ ಯಾವುದನ್ನೂ ನಂಬದವರು. ಹಾಲಿನವನು ಹೋದ ಮೇಲೂ ಪಾತ್ರೆ ಅಲುಗಾಡಿಸಿ ನೋಡುವ ನಮ್ಮವ್ವ. ಮೆಟಿಕ್ಯುಲಸ್ ಅಂದರೆ ಅಣುವಷ್ಟೂ ತಪ್ಪಲು ಬಿಡದವರು. ಒಂದು ಅಂಗಿಗೆ ಮೂರು ಸಲ ಅಳತೆ ತೆಗೆಯುವ ಕೌಲ್ ಬಜಾರಿನ ಟೇಲರ್ ಚಾಚಾ. "ಟೇಪಿನ ಮ್ಯಾಲ ಭರೋಸಾ ಐತಿ ಬೇಟಾ, ನಿನ್ನ ಹೊಟ್ಟಿ ಮ್ಯಾಲಿಲ್ಲ. ಉಸಿರು ಬಿಡು, ಆಮ್ಯಾಲ ಹೇಳ್ತೀನಿ." ಮನುಷ್ಯರು ಸಿಗದ ಪದಗಳಿಗೆ ಬೇರೆ ವ್ಯವಸ್ಥೆ ಮಾಡಿದೆವು. ಎಫಿಮರಲ್, ಅಂದರೆ ಬಂದಷ್ಟೇ ಬೇಗ ಮಾಯವಾಗುವುದು, ಅದರ ಮುಂದೆ ಬಳ್ಳಾರಿಯ ಚಳಿಗಾಲ ಎಂದು ಬರೆದೆವು.

ಒಂದೇ ಒಂದು ಪದಕ್ಕೆ ನನ್ನ ನಾಟಕ ಬೇಕಾಗಲಿಲ್ಲ. ಸಿರೀನ್. ಅಂದರೆ ಗದ್ದಲವಿಲ್ಲದ ನೆಮ್ಮದಿ, ಪ್ರಶಾಂತ. ನಾನು ಯಾರ ಮುಖ ಮಾಡಲೆಂದು ಯೋಚಿಸುತ್ತಿರುವಾಗಲೇ ಅತ್ತಿಗೆ, "ಅದಕ್ಕ ಯಾರೂ ಬ್ಯಾಡ. ಕೆಂಚನಗುಡ್ಡದ ಹೊಳಿ ದಂಡಿ ಅಂತ ಬರಿ," ಅಂದಳು. ಹುಡುಗಿಯಾಗಿದ್ದಾಗ ಅಲ್ಲಿದ್ದ ಅವರ ದೊಡ್ಡಮ್ಮನ ಮನೆಗೆ ಹೋಗಿ ಬಂಡೆಯ ಮೇಲೆ ಪುಸ್ತಕ ಹಿಡಿದು ಕೂಡುತ್ತಿದ್ದಳಂತೆ. "ಅಲ್ಲಿ ಯಾರೂ ನನ್ನ ಕರೀತಿದ್ದಿಲ್ಲ ನೋಡು, ನೀರು ತಾ, ಚಾ ಮಾಡು ಅಂತ." ಇದನ್ನು ಹೇಳುವಾಗ ರೊಟ್ಟಿಯ ಸದ್ದು ಸ್ವಲ್ಪ ಹೊತ್ತು ನಿಂತಿತ್ತು. ಅರ್ಥ ಗೊತ್ತಿದ್ದೂ ನಿಂತದ್ದು ಅದೊಂದೇ ಸಲ. ನಾನೂ ಸುಮ್ಮನೆ ಬರೆದುಕೊಂಡೆ. ನಾನು ಸುಮ್ಮನಿದ್ದದ್ದೂ ಆ ತಿಂಗಳಲ್ಲಿ ಅದೊಂದೇ ಸಲ ಇರಬೇಕು.

ಈಗ ಆ ಪದಕ್ಕೆ ಬರುತ್ತೇನೆ. ಗ್ಯಾರುಲಸ್. ಅಂದರೆ ವಾಚಾಳಿ. ಬಾಯಿ ತೆರೆದರೆ ಮುಚ್ಚುವುದು ಗೊತ್ತಿಲ್ಲದವರು. ಇದಕ್ಕೆ ನಾವು ಒಂದು ಕ್ಷಣವೂ ಯೋಚಿಸಲಿಲ್ಲ. ಕುರುಗೋಡು ಮಾವ, ಅಂದರೆ ನಮ್ಮವ್ವನ ಅಣ್ಣ. ಬಂಗಾರದಂಥ ಮನುಷ್ಯ. ಆದರೆ ಅವರನ್ನು "ಊಟ ಆತೇನು ಮಾವ?" ಎಂದು ಕೇಳಿದರೆ, ಉತ್ತರ ಬರುವಷ್ಟರಲ್ಲಿ ಮುಂದಿನ ಊಟದ ಹೊತ್ತಾಗಿರುತ್ತದೆ. ಭುಜದ ಮೇಲೊಂದು ಟವೆಲ್ ಹಾಕಿಕೊಂಡು ನಾನು ಮಾವನಾಗುತ್ತಿದ್ದೆ. "ಈಗ ಬಂದೆ ನೋಡವ್ವಾ ತಂಗಿ. ಆರೂವರಿ ಬಸ್ಸು ತಪ್ಪಿತು. ಯಾಕ ತಪ್ಪಿತು ಅಂದ್ರ ಚಪ್ಪಲಿ ಉಂಗುಟ ಕಿತ್ತಿತು. ಆ ಚಪ್ಪಲಿ ಎಲ್ಲಿ ತಗಂಡಿದ್ದೆ ಹೇಳು? ನಿನ್ನ ಮದಿವ್ಯಾಗ..." ಅಲ್ಲಿಂದ ಅವ್ವನ ಮದುವೆ, ಮದುವೆಯ ಅಡುಗೆಯವನು, ಅಡುಗೆಯವನು ಆಂಧ್ರಕ್ಕೆ ಓಡಿಹೋದದ್ದು. ಅತ್ತಿಗೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮಾವ ಗೃಹಪ್ರವೇಶಕ್ಕೆ ಕರೆಯಲು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಕುರುಗೋಡಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ಅವ್ವ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿ ಕೊಟ್ಟಳು. ಮಾವ ತಿನ್ನುತ್ತ, ಮಾತಾಡುತ್ತ, ತಟ್ಟೆಯ ಅಡಿಗೆ ಹಾಸಲೆಂದು ಕೈಗೆ ಸಿಕ್ಕ ನೋಟ್‌ಬುಕ್ಕು ಎಳೆದುಕೊಂಡರು. ಪುಟ ತೆರೆದುಕೊಂಡಿತು. ಇಂಗ್ಲಿಷ್ ಅವರಿಗೆ ಬಾರದು. ಆದರೆ ತಮ್ಮ ಹೆಸರು ಕನ್ನಡದಲ್ಲಿತ್ತು.

"ಏನ್ಲೇ ಮಂಜ್ಯಾ? ಇಲ್ಲಿ ನನ್ನ ಹೆಸರ್ಯಾಕ ಐತಿ?"

ಒಳಗೆ ರೊಟ್ಟಿಯ ಸದ್ದು ನಿಂತಿತು.

"ಅದು ಅತ್ತಿಗಿ ಪರೀಕ್ಷಿಗೆ ಬರೋ ಪದ ಮಾವ. ಒಂದೊಂದು ಪದಕ್ಕ ನಮಗ ಗೊತ್ತಿರೋ ಒಬ್ಬ ದೊಡ್ಡ ಮನುಷ್ಯರ್ನ ಇಟ್ಕಂಡೀವಿ."

"ಹೌದಾ? ಹಂಗಾದ್ರ ನನ್ನ ಪದದ ಅರ್ಥ ಏನು?"

ಇಲ್ಲಿ ನಾನು ನಿಜ ಹೇಳಬಹುದಿತ್ತು. ಮಾವ ನಕ್ಕುಬಿಡುತ್ತಿದ್ದರೇನೋ. ಆದರೆ ಅವರ ಕಣ್ಣಲ್ಲಿ ಎಂಥ ಆಸೆ ಇತ್ತೆಂದರೆ, ನನ್ನ ನಾಲಿಗೆ ತಾನಾಗಿಯೇ ಅಡ್ಡದಾರಿ ಹಿಡಿಯಿತು. "ತೂಕದ ಮನುಷ್ಯ ಅಂತ ಮಾವ. ಮಾತು ಭಾಳ ಕಮ್ಮಿ. ಆಡಿದ್ರ ಅಳೆದು ಒಂದು ಮಾತು ಆಡೋರು."

ಮಾವ ಮಿರ್ಚಿಯನ್ನು ತಟ್ಟೆಯಲ್ಲಿಟ್ಟರು. ನೋಟ್‌ಬುಕ್ಕನ್ನು ಟವೆಲ್ಲಿನಿಂದ ಒರೆಸಿ ಮುಚ್ಚಿದರು. "ಇಷ್ಟು ವರ್ಷದಾಗ ನನ್ನ ಯಾರೂ ಹಿಂಗ ತಿಳ್ಕಂಡಿದ್ದಿಲ್ಲ," ಅಂದರು. ಅದೇ ಕೊನೆ. ಅಡುಗೆಯವನು ಆಂಧ್ರದ ಗಡಿ ದಾಟುವ ಮೊದಲೇ ಕಥೆ ನಿಂತುಹೋಯಿತು. ಸಂಜೆ ಬಸ್ಸಿಗೆ ಹೋಗುವವರೆಗೂ ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು, ಗೋಡೆ ನೋಡುತ್ತ, ತೂಕವಾಗಿ ಕೂತಿದ್ದರು. ಅವ್ವನಿಗೆ ಗಾಬರಿ. "ಹಲ್ಲು ನೋಯ್ತೈತೇನಣ್ಣ?" ಎಂದರೆ ತಲೆ ಅಲ್ಲಾಡಿಸಿದರು. ಅವರು ಹೋದ ಮೇಲೆ ಅತ್ತಿಗೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು, ನಾನೂ ನಕ್ಕೆ. ಒಂದು ವಾರ ನಕ್ಕೆವು.

ಎಂಟನೇ ದಿನ ಅತ್ತಿಗೆಯ ಹಾಲ್ ಟಿಕೆಟ್ ಬಂತು. ಸೆಂಟರ್ ಹುಬ್ಬಳ್ಳಿ. ದಿನ ಮಾವನ ಗೃಹಪ್ರವೇಶದ ದಿನ.

ಅವ್ವನಿಗೆ ಅದು ತವರುಮನೆಯ ಮೊದಲ ಗೃಹಪ್ರವೇಶ. ಹೊಸ ಬಾಗಿಲಲ್ಲಿ ಆರತಿ ಹಿಡಿಯುವವಳು ಆ ಮನೆಯ ಹೆಣ್ಣುಮಗಳ ಹಿರೇಸೊಸೆ, ಅಂದರೆ ಗಿರಿಜತ್ತಿಗೆ. ಅವಳಿಲ್ಲದೆ ಅವ್ವ ತವರಿನ ಮಂದಿಗೆ ಯಾವ ಮುಖ ತೋರಿಸಬೇಕು? ಆದರೂ ಅವ್ವ ಕೆಟ್ಟವಳಲ್ಲ. "ನಮ್ಮಣ್ಣ ಹ್ಞೂಂ ಅಂದ್ರ ಹೋಗು," ಅಂದಳು. ನಮಗೆ ಚಿಂತೆಯೇ ಇರಲಿಲ್ಲ. ಮಾವನ ಸ್ವಭಾವ ಗೊತ್ತಲ್ಲ. ಅರ್ಧ ಗಂಟೆ ಮಾತಾಡುತ್ತ ಆಡುತ್ತ ತಾವೇ ಕರಗಿ, ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಫೋನ್ ಇಡುವವರು.

ಅವ್ವ ಫೋನ್ ಮಾಡಿ ವಿಷಯವೆಲ್ಲ ಹೇಳಿ ಕಾದಳು. ಆ ಕಡೆಯಿಂದ ಉದ್ದನೆಯ ಮೌನ. ಆಮೇಲೆ ಅಳೆದು ಒಂದು ಮಾತು.

"ನೋಡು."

ಫೋನ್ ಇಟ್ಟರು. ಅವ್ವ ಅತ್ತಿಗೆಯ ಕಡೆ ತಿರುಗಿದಳು. "ನಮ್ಮಣ್ಣ ಸಿಟ್ಟಾಗ್ಯಾನ. ಅವತ್ತ ಬಂದಾಗ್ಲೂ ಮಾತಾಡ್ಲಿಲ್ಲ. ನನ್ನ ಜನ್ಮದಾಗ ನನ್ನ ಕೂಡ ಅವ ಹಿಂಗ ಮಾತಾಡಿಲ್ಲ. ಗಿರಿಜಾ, ನೀ ಎಲ್ಲಿಗೂ ಹೋಗಾಂಗಿಲ್ಲ." ಮತ್ತೆ ಫೋನ್ ಮಾಡುವ ಧೈರ್ಯ ಅವಳಿಗೆ ಬರಲಿಲ್ಲ. ಅತ್ತಿಗೆ ನಮ್ಮಣ್ಣನನ್ನು ಕೇಳಿದರೆ, "ನಾಳಿ ನೋಡೋಣು," ಅಂದ. ನೋಟ್‌ಬುಕ್ಕಿನಲ್ಲಿದ್ದ ಪ್ರತಿಯೊಬ್ಬರೂ ತಮ್ಮ ತಮ್ಮ ಪದಕ್ಕೆ ತಕ್ಕಂತೆ ನಡೆಯುತ್ತಿದ್ದರು, ಮಾವ ಒಬ್ಬರನ್ನು ಬಿಟ್ಟು.

ಅತ್ತಿಗೆ ಜಗಳ ಮಾಡಲಿಲ್ಲ, ಅಳಲೂ ಇಲ್ಲ. ಆ ಸಂಜೆ ನಾನು ಹೊಸ್ತಿಲ ಮೇಲೆ ಕೂತು ಪದ ಕೂಗಲು ಹೋದರೆ, ನೋಟ್‌ಬುಕ್ಕು ಹಿಟ್ಟಿನ ಡಬ್ಬಿಯ ಮೇಲೆ ಮುಚ್ಚಳವಾಗಿತ್ತು. "ಬಿಡು ಮಂಜಾ. ಲ್ಯಾಬಿನ ಕೆಲಸ ಇದ್ದೇ ಐತಲ್ಲ," ಅಂದಳು. ರೊಟ್ಟಿ ಬಡಿಯುತ್ತಲೇ ಇದ್ದಳು. ಆ ಪಟಪಟ ಸದ್ದು ನಿಲ್ಲದೆ ಸಾಗಿದ್ದು ನನಗೆ ಅವತ್ತು ಸಹಿಸಲಾಗಲಿಲ್ಲ.

ಇನ್ನೂ ಮೂರು ದಿನ ಧೈರ್ಯ ಕೂಡಿಸಿ, ನಾಲ್ಕನೇ ದಿನ ಬೆಳಿಗ್ಗೆ ನೋಟ್‌ಬುಕ್ಕು ಕಂಕುಳಲ್ಲಿಟ್ಟುಕೊಂಡು ಕುರುಗೋಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತಪ್ಪೊಪ್ಪಿಗೆಯ ಅಭ್ಯಾಸ ಮಾಡಿದೆ. ಅಣ್ಣನ ದನಿಯಲ್ಲಿ ಹೇಳಿ ನೋಡಿದೆ, ಟೇಲರ್ ಚಾಚಾನ ದನಿಯಲ್ಲಿ ಹೇಳಿ ನೋಡಿದೆ, ವಾರ್ತೆ ಓದುವವರ ದನಿಯಲ್ಲೂ ಹೇಳಿ ನೋಡಿದೆ. ಯಾವುದೂ ಹೊಂದಲಿಲ್ಲ. ನನ್ನದೇ ದನಿ ಹೇಗಿದೆ ಎಂಬುದು ಆ ಬಸ್ಸಿನಲ್ಲಿ ನನಗೆ ನೆನಪಾಗಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಮಾತ್ರ ಎದ್ದು ಬೇರೆ ಸೀಟಿಗೆ ಹೋದಳು.

ಹೊಸ ಮನೆಯ ಮುಂದೆ ಮಾವ ಮಡಚುವ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಕೆನ್ನೆ ಒಳಗೆ ಹೋಗಿತ್ತು. ಗಾರೆ ಮೇಸ್ತ್ರಿ ನನ್ನನ್ನು ಕಂಡದ್ದೇ ಓಡಿ ಬಂದ. "ತಮ್ಮಾ, ಚೂರು ನೀನರ ಕೇಳು. ಗೌಡ್ರು ಮಾತಾಡವಲ್ರು. ಮೊದ್ಲು ಒಂದು ಕಲ್ಲಿಗೆ ಹತ್ತು ಮಾತು ಹೇಳ್ತಿದ್ರು, ಕಿವಿ ಮುಚ್ಕಂತಿದ್ವಿ. ಈಗ ಅಡಿಗಿಕಟ್ಟಿ ಯಾವ ಗ್ವಾಡಿಗೆ ಅಂತ ಕೇಳಿದ್ರ ಆಕಾಶ ತೋರಿಸ್ತಾರ. ನಾವು ತಿಳದಂಗ ಕಟ್ಟಿದ್ವಿ. ಈಗ ಅಮ್ಮಾರು ಬಂದು ಬೈಯಾಕತ್ಯಾರ."

ನಾನು ಮಾವನ ಮುಂದೆ ಕುಕ್ಕರಗಾಲಲ್ಲಿ ಕೂತೆ. ನೋಟ್‌ಬುಕ್ಕು ತೆರೆದು ಅವರ ಹೆಸರಿನ ಮೇಲೆ ಬೆರಳಿಟ್ಟೆ. "ಮಾವ, ಆ ಪದದ ಅರ್ಥ ನಾ ಸುಳ್ಳು ಹೇಳಿದೆ. ಅದರ ಅರ್ಥ ಭಾಳ ಮಾತಾಡೋರು ಅಂತ. ನಿಮ್ಮಂಗ ಮಾಡಿ ತೋರಿಸಿ ಅತ್ತಿಗಿಗೆ ಕಲಿಸಿದ್ದೆ. ನೀವು ಸುಮ್ಮನಾದ್ರಿ, ಅವ್ವ ನಿಮಗ ಸಿಟ್ಟು ಬಂದೈತಿ ಅನ್ಕಂಡ್ಳು. ಈಗ ಅತ್ತಿಗಿ ಪರೀಕ್ಷಿ ಹೊಂಟೈತಿ. ಇದು ಹೋದ್ರ ಆಕಿಗೆ ಇನ್ನೊಂದಿಲ್ಲ."

ಮಾವ ನೋಟ್‌ಬುಕ್ಕು ಮುಚ್ಚಿ ನನ್ನ ಕೈಗಿಟ್ಟರು. ಮೇಸ್ತ್ರಿ ಕರಣೆ ಹಿಡಿದು ಹಾಗೇ ನಿಂತಿದ್ದ.

"ನನ್ನಂಗ ಹೆಂಗ ಮಾಡ್ತಿ? ಮಾಡು ನೋಡೋಣು."

ಬೇರೆ ದಾರಿ ಇರಲಿಲ್ಲ. ಅವರ ಭುಜದ ಟವೆಲ್ಲನ್ನೇ ತೆಗೆದು ಹಾಕಿಕೊಂಡು ಶುರು ಮಾಡಿದೆ. ಆರೂವರಿ ಬಸ್ಸು, ಚಪ್ಪಲಿ ಉಂಗುಟ, ಅವ್ವನ ಮದುವೆ, ಅಡುಗೆಯವನು. ಮೇಸ್ತ್ರಿ ಗೋಡೆಗೆ ಮುಖ ಮಾಡಿ ನಗತೊಡಗಿದ. ಮಾವನ ಮುಖದಲ್ಲಿ ನಗುವಿರಲಿಲ್ಲ. ತುಟಿ ಮಾತ್ರ ಅಲುಗತೊಡಗಿತ್ತು. ಕೊನೆಗೆ ತಡೆಯಲಾಗದೆ ಕುರ್ಚಿಯಿಂದ ಎದ್ದೇಬಿಟ್ಟರು.

"ಲೇ ಲೇ ಲೇ! ಅಷ್ಟು ಜಲ್ದಿ ನನ್ನ ಬಸ್ಸಿನಿಂದ ಇಳಿಸ್ಬ್ಯಾಡ! ಕಂಡಕ್ಟರ್ ಬಿಟ್ಟಿ ನೋಡು ನೀ. ಆ ಕಂಡಕ್ಟರ್ ಯಾರ ಮಗ ಗೊತ್ತೇನು ನಿನಗ?"

ಹನ್ನೆರಡು ದಿನ ಕಟ್ಟಿದ್ದ ಒಡ್ಡು ಒಡೆಯಿತು. ಕಂಡಕ್ಟರನಿಂದ ಶುರುವಾದದ್ದು ಅಡುಗೆಕಟ್ಟೆಗೆ ಬಂದು, ಮೇಸ್ತ್ರಿಯ ಏಳು ತಲೆಮಾರು ಮುಟ್ಟಿ, ನನ್ನ ಕಿವಿ ಹಿಂಡುವಲ್ಲಿಗೆ ಬಂದು, ಮತ್ತೆ ಕಂಡಕ್ಟರನಿಗೆ ಹೋಯಿತು. ಮೇಸ್ತ್ರಿಯ ಕಣ್ಣಲ್ಲಿ ನೀರೇ ಬಂತು. "ಅಬ್ಬಾ, ಈಗ ಕೆಲಸ ಮಾಡಾಕ ಧೈರ್ಯ ಬಂತು," ಅಂದ.

ಇಲ್ಲಿ ಸ್ವಲ್ಪ ಮುಂದಕ್ಕೆ ಹೋಗಿ ಬರುತ್ತೇನೆ, ಯಾಕೆಂದರೆ ಕಥೆಯ ಕೊನೆ ನನ್ನ ಪಾಲಿಗೆ ಅಷ್ಟು ಗೌರವದ್ದಲ್ಲ. ಅತ್ತಿಗೆ ಹುಬ್ಬಳ್ಳಿಗೆ ಹೋದಳು. ಕಂಪ್ಯೂಟರಿನ ಮುಂದೆ ಕೂತು ಇಂಗ್ಲಿಷಿನ ಭಾಗಕ್ಕೆ ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲವಂತೆ. ಎಲ್ಲರೂ ಬೆವರುವ ಕೋಣೆಯಲ್ಲಿ ಇವಳೊಬ್ಬಳು ನಗುವುದನ್ನು ಕಂಡು ಮೇಲ್ವಿಚಾರಕಿ ಎರಡು ಸಲ ಬಂದು ನೋಡಿ ಹೋದರಂತೆ. "ಏನ್ಮಾಡ್ಲಿ ಮಂಜಾ, ಒಂದೊಂದು ಪದ ಬಂದಾಗೂ ನಮ್ಮ ಮನಿಯೋರು ಒಬ್ಬೊಬ್ಬರು ಬಂದು ಬಾಜೂಕ ಕುಂದರಾಕತ್ರು." ಈ ಸಲ ಇಂಗ್ಲಿಷಿನಲ್ಲಿ ಕೂದಲೆಳೆಯಷ್ಟು ಮುಂದಾದಳು. ಈಗ ಸಿರುಗುಪ್ಪದ ಕಡೆಯ ಒಂದು ಶಾಖೆಯಲ್ಲಿದ್ದಾಳೆ. ಕನ್ನಡಕ ಬಂದಿದೆ. ಅಲ್ಲಿನ ಮ್ಯಾನೇಜರ್ ಹೇಗೆ ನಡೆಯುತ್ತಾರೆಂದು ನನಗೇ ಮಾಡಿ ತೋರಿಸುತ್ತಾಳೆ. ನನಗಿಂತ ಚೆನ್ನಾಗಿಯೇ ಮಾಡುತ್ತಾಳೆ, ಅದೊಂದು ಸಂಕಟ.

ಮತ್ತೆ ಕುರುಗೋಡಿಗೆ. ಮಾವ ನನ್ನ ಫೋನಿನಿಂದಲೇ ಅವ್ವನಿಗೆ ಫೋನ್ ಹಚ್ಚಿಸಿ, ಸ್ಪೀಕರ್ ಹಾಕಿಸಿದರು. ಅಣ್ಣನ ದನಿ ಕೇಳಿದ್ದೇ ಅವ್ವ ಅತ್ತಳು. ಮಾವ ಸಮಾಧಾನ ಮಾಡಿದರು. ಸಿಮೆಂಟಿನ ವಿಷಯ ಹೇಳಿದರು, ಬಾಲ್ಯದ ಒಂದು ಎಮ್ಮೆಯ ವಿಷಯ ಹೇಳಿದರು, ಒಂದು ಚಾ ಕುಡಿದರು. ಆಮೇಲೆ, "ತಂಗೀ, ನನ್ನ ಮನಿ ಕಲ್ಲಿಂದು. ಮುಂದಿನ ವರ್ಷ ಬಂದ್ರೂ ಇಲ್ಲೇ ಇರ್ತೈತಿ. ಆಕಿ ಪರೀಕ್ಷಿ ಇರಾಂಗಿಲ್ಲ. ಕಳಿಸು," ಅಂದರು.

"ಕಳಿಸ್ತೀನಣ್ಣ," ಅಂದಳು ಅವ್ವ ಮೂಗೊರೆಸಿಕೊಳ್ಳುತ್ತ. ಆದರೆ ಅವ್ವ ನೋಟ್‌ಬುಕ್ಕಿನಲ್ಲಿ ಯಾವ ಪದದ ಮುಂದಿದ್ದಳೆಂದು ನಿಮಗೆ ಗೊತ್ತು. "ಅದೆಲ್ಲ ಖರೆ. ಬಾಗಿಲದಾಗ ಹಿರೇಸೊಸಿ ಇಲ್ಲಂದ್ರ ಮಂದಿ ಬಾಯಿ ಮುಚ್ಕಂಡು ಇರ್ತಾರೇನು? ಆಕಿ ಬದ್ಲಿ ಆರತಿ ಹಿಡಿಯೋರು ಯಾರು?"

ಮಾವ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಟವೆಲ್ ಇನ್ನೂ ನನ್ನ ಭುಜದ ಮೇಲೇ ಇತ್ತು. ಹನ್ನೆರಡು ದಿನ ಅಳೆಯುವುದನ್ನು ಕಲಿತದ್ದು ವ್ಯರ್ಥವಾಗಿರಲಿಲ್ಲ. ಅವತ್ತು ಫೋನಿಡುವ ಮುಂಚೆ ಅವರು ಆಡಿದ್ದು ಇಷ್ಟೇ:

"ಮಂಜ್ಯಾಗ ಒಂದು ಸೀರಿ ಉಡಿಸಿ ಕಳಿಸವ್ವ. ಊರ ಮಂದೀನೆಲ್ಲ ಅಣಕಿಸ್ತಾನಲ್ಲ, ಒಂದಿನ ಹಿರೇಸೊಸಿ ಆಗಿ ಆರತಿ ಹಿಡೀಲಿ."